ಹಲ್ಲು ಕೀಳಿಸುವ ಮುಂಚೆ ಖಾಲಿ ಜಾಗದ ಬಗ್ಗೆಯೂ ಕೇಳು

ಪ್ರೀತಿಯ ಗೆಳೆಯಾ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಹೇಳಿದ ಮಾತು ಇನ್ನೂ ತಲೆಯಲ್ಲೇ ಸುತ್ತುತ್ತಿದೆ. "ಶುಕ್ರವಾರ ಕೀಳಿಸಿಬಿಡ್ತೀನಿ ಕಣೋ. ನೋವು ಹೋದ್ರೆ ಸಾಕು. ಒಂದು ಹಲ್ಲು ಇಲ್ದಿದ್ರೆ ಏನಾಗುತ್ತೆ?" ಆ ಹೊತ್ತಿಗೆ ನನಗೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. 12 ವರ್ಷದ ಹಿಂದೆ ಇದೇ ಮಾತನ್ನು ನಾನೂ ಆಡಿದ್ದೆ. ಏನಾಗುತ್ತೆ ಅನ್ನೋದು ನನಗೆ ಗೊತ್ತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಕೀಳಿಸಿದ್ದು ಎರಡು ಹಲ್ಲು. ಎರಡೂ ಕೆಳಗಿನ ಸಾಲಿನ ಮೊದಲ ದವಡೆ ಹಲ್ಲುಗಳು. ಒಂದು ಎಡಕ್ಕೆ, ಒಂದು ಬಲಕ್ಕೆ. ಮಗುವಿಗೆ ಆರು ವರ್ಷ ಆಗುವ ಹೊತ್ತಿಗೆ, ಹಾಲುಹಲ್ಲು ಇನ್ನೂ ಬಾಯಲ್ಲಿ ಇರುವಾಗಲೇ, ಅವುಗಳ ಹಿಂದೆ ಸದ್ದಿಲ್ಲದೆ ಹುಟ್ಟುವ ಹಲ್ಲು ಅದು. ಅದೂ ಹಾಲುಹಲ್ಲೇ ಇರಬೇಕು, ಬಿದ್ದರೆ ಬೇರೆ ಬರುತ್ತೆ ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಬರಲ್ಲ. ಜೀವನಪೂರ್ತಿ ಅಗಿಯುವ ಕೆಲಸದಲ್ಲಿ ದೊಡ್ಡ ಪಾಲು ಅದರದ್ದು, ಹುಳುಕು ಮೊದಲು ಹಿಡಿಯುವುದೂ ಬಹಳ ಸಲ ಅದಕ್ಕೇ.

ಎಡಗಡೆಯದನ್ನು ಕೀಳಿಸಿದಾಗ ನೋವು ಹೋಯಿತು, ಗಾಯ ಮಾಯಿತು, ನಾನು ಮತ್ತೆ ಡಾಕ್ಟರ ಹತ್ತಿರ ಹೋಗಲೇ ಇಲ್ಲ. ಹಿಂದಿನ ಹಲ್ಲು, ನಕ್ಕರೂ ಯಾರಿಗೂ ಕಾಣಲ್ಲ, ಅಲ್ವಾ? ಎರಡು ಮೂರು ವರ್ಷ ಏನೂ ಗೊತ್ತಾಗಲಿಲ್ಲ. ಆಮೇಲೆ ಒಂದೊಂದೇ ಶುರುವಾಯಿತು. ಹಿಂದಿನ ಹಲ್ಲು ಮೆಲ್ಲಗೆ ಖಾಲಿ ಜಾಗದ ಕಡೆ ವಾಲಿತು. ಕಚ್ಚಲು ಎದುರಿಗೆ ಏನೂ ಇಲ್ಲದ ಮೇಲಿನ ಹಲ್ಲು ಕೆಳಗೆ ಇಳಿಯಿತು. ಸಂದಿನಲ್ಲಿ ಪ್ರತಿ ಊಟಕ್ಕೂ ಏನಾದರೊಂದು ಸಿಕ್ಕಿಕೊಳ್ಳುವುದು, ಒಸಡು ಊದುವುದು. ಕೊನೆಗೆ ವಾಲಿದ ಹಲ್ಲಿಗೂ ಹುಳುಕು ಹಿಡಿಯಿತು. ನನಗೇ ತಿಳಿಯದಂತೆ ಎಲ್ಲವನ್ನೂ ಬಲಗಡೆಯಲ್ಲೇ ಅಗಿಯುವುದು ರೂಢಿಯಾಗಿಬಿಟ್ಟಿತ್ತು.

ಆ ಬಲಗಡೆಯ ಹಲ್ಲು ಸೀಳಿದ್ದು ಹೋದ ವರ್ಷ. ಬಹಳ ಹಿಂದೆ ರೂಟ್ ಕೆನಾಲ್, ಅಂದರೆ ಹಲ್ಲಿನೊಳಗಿನ ಕೆಟ್ಟ ನರ ತೆಗೆದು ತುಂಬುವ ಚಿಕಿತ್ಸೆ, ಆಗಿತ್ತು. ಹಲ್ಲಿನ ಮೇಲೆ ಕ್ಯಾಪ್ (ಗಟ್ಟಿ ಹೊದಿಕೆ) ಹಾಕಿಸಿಕೊಳ್ಳಿ ಅಂದಿದ್ದರು, ಮುಂದೂಡುತ್ತಾ ಬಂದಿದ್ದೆ. ಒಂದು ದಿನ ಊಟದ ನಡುವೆ ಟಕ್ ಅಂದಿತು, ಅಷ್ಟೇ. ಬಿರುಕು ಬೇರಿನವರೆಗೂ ಇಳಿದಿತ್ತು, ಉಳಿಸಲು ದಾರಿ ಇರಲಿಲ್ಲ. ಎಕ್ಸ್-ರೇ ತೋರಿಸುವಾಗ ಡಾಕ್ಟರಮ್ಮ ಎಡಗಡೆಗೂ ಬೆರಳಿಟ್ಟರು. ಹಳೆಯ ಹಲ್ಲು ಇದ್ದ ಜಾಗದಲ್ಲಿ ಮೂಳೆ ತಗ್ಗಾಗಿ ಕೂತಿತ್ತು, ಮಳೆಗೆ ಕರಗಿದ ಮಣ್ಣಿನ ಗೋಡೆಯ ಹಾಗೆ. ಹಲ್ಲನ್ನು ಹಿಡಿದಿಡುವ ಮೂಳೆ ಹಲ್ಲು ಇರುವವರೆಗೇ ಗಟ್ಟಿಯಾಗಿರುತ್ತದಂತೆ. ಹಲ್ಲು ಹೋದ ಮೇಲೆ ದವಡೆಯ ಆ ಮೂಳೆಯ ಅಗಲ ಒಂದೇ ವರ್ಷದಲ್ಲಿ ಸುಮಾರು ಅರ್ಧದಷ್ಟು ಕಡಿಮೆಯಾಗಬಹುದು. ಅದರಲ್ಲೂ ಜಾಸ್ತಿ ಹೋಗುವುದು ಮೊದಲ ಮೂರು ತಿಂಗಳಲ್ಲೇ. ನಿನಗೆ ಈ ಪತ್ರ ಶುಕ್ರವಾರಕ್ಕೆ ಮೊದಲೇ ತಲುಪಬೇಕು ಅಂತ ನಾನು ಅವಸರ ಪಡುತ್ತಿರುವುದು ಇದಕ್ಕೇ.

ಕೀಳುವುದಕ್ಕೆ ಹೆದರಬೇಡ. ನಿಜವಾಗಿ ಹೇಳುತ್ತಿದ್ದೇನೆ. ಇಂಜೆಕ್ಷನ್ ಚುಚ್ಚುವಾಗ ಒಂದು ಕ್ಷಣ ಚುರುಕ್ ಅನ್ನುತ್ತದೆ. ಐದು ಹತ್ತು ನಿಮಿಷದಲ್ಲಿ ಕೆಳತುಟಿಯ ಅರ್ಧಭಾಗ, ನಾಲಿಗೆಯ ಒಂದು ಅಂಚು ಜೋಮು ಹಿಡಿದು ಮರಗಟ್ಟುತ್ತವೆ. "ನೋವು ಗೊತ್ತಾಗಲ್ಲ, ಒತ್ತೋದು ಗೊತ್ತಾಗುತ್ತೆ. ನೋವಾದ್ರೆ ಎಡಗೈ ಎತ್ತಿ, ನಿಲ್ಲಿಸ್ತೀನಿ" ಅಂದರು ಡಾಕ್ಟರಮ್ಮ. ಆ ಒಂದು ಮಾತಿನಿಂದ ನನ್ನ ಭುಜ ಸಡಿಲವಾಯಿತು. ಇಕ್ಕಳ ಹಾಕಿ ಜಗ್ಗುತ್ತಾರೆ ಅಂತ ನಾವು ಅಂದುಕೊಂಡಿರುತ್ತೇವೆ. ಹಾಗಲ್ಲ. ಹಲ್ಲಿಗೂ ಮೂಳೆಗೂ ನಡುವೆ ಕೂದಲಿಗಿಂತ ಸಣ್ಣ ನಾರುಗಳಿವೆ, ಹಲ್ಲನ್ನು ಹಿಡಿದಿರುವುದು ಅವೇ. ತೆಳ್ಳನೆಯ ಉಪಕರಣವನ್ನು ಸಂದಿನಲ್ಲಿ ಇಳಿಸಿ, ನಿಧಾನಕ್ಕೆ ಅಲುಗಿಸಿ ಅವನ್ನು ಬಿಡಿಸುತ್ತಾರೆ. ನನ್ನ ಹಲ್ಲನ್ನು ಅವರು ನಡುವೆ ಕತ್ತರಿಸಿ, ಒಂದೊಂದು ಬೇರನ್ನೂ ಬೇರೆಬೇರೆಯಾಗಿ ತೆಗೆದರು. ಸುತ್ತಲಿನ ಮೂಳೆ ಒಡೆಯದೆ ಉಳಿಯಲಿ ಅಂತ. ಕರಕರ ಸದ್ದು ಕಿವಿಯೊಳಗೇ ಕೇಳಿಸುತ್ತದೆ. ಅದನ್ನೂ ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಆಮೇಲೆ ಸ್ಟೀಲ್ ತಟ್ಟೆಯಲ್ಲಿ ಆ ಎರಡು ತುಂಡು ನೋಡಿದೆ. ಹಳದಿ ಬೇರು, ತುದಿ ಸ್ವಲ್ಪ ಕೊಕ್ಕೆಯಂತೆ ಬಾಗಿತ್ತು. ಬಿರುಕು ಕಪ್ಪು ದಾರದ ಹಾಗೆ ಉದ್ದಕ್ಕೂ ಇಳಿದಿತ್ತು. ಇಷ್ಟು ವರ್ಷ ನನ್ನ ಜೊತೆ ದುಡಿದದ್ದು ಅಂತ ಮನಸ್ಸಿಗೆ ಬೇಜಾರಾಯಿತು.

ಕೀಳಿಸಿದ ಮೇಲಿನ ಎರಡು ಮೂರು ದಿನವೇ ಮುಖ್ಯ. ಗಾಯದ ಮೇಲೆ ಇಡುವ ಹತ್ತಿಬಟ್ಟೆಯನ್ನು ಅರ್ಧ ಮುಕ್ಕಾಲು ಗಂಟೆ ಬಿಗಿಯಾಗಿ ಕಚ್ಚಿಕೊಂಡಿರು. ಆ ಗುಂಡಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದಲ್ಲ, ಅದೇ ಗಾಯಕ್ಕೆ ಮುಚ್ಚಳ. ಜೋರಾಗಿ ಉಗುಳಿದರೆ, ಸ್ಟ್ರಾ ಹಾಕಿ ಹೀರಿದರೆ ಅದು ಕಿತ್ತು ಬರಬಹುದು. ಆಗ ಮೂರನೇ ದಿನದ ಹೊತ್ತಿಗೆ ಕಿವಿಯವರೆಗೂ ಎಳೆಯುವ ನೋವು ಶುರುವಾಗುತ್ತದೆ, ಬಾಯಿ ಕೆಟ್ಟ ವಾಸನೆ ಬರುತ್ತದೆ. ಸಿಗರೇಟು ಸೇದುವವರಿಗೆ ಇದು ಜಾಸ್ತಿ. ನಿನಗೇ ಹೇಳುತ್ತಿದ್ದೇನೆ, ಕೊನೇ ಪಕ್ಷ ಮೂರು ದಿನ ಅದನ್ನು ಮುಟ್ಟಬೇಡ. ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುವುದು ಮಾರನೇ ದಿನದಿಂದ, ಅದೂ ಮೆತ್ತಗೆ. ಇನ್ನು ನಿನಗೆ ಶುಗರ್ ಇರುವುದನ್ನು ಹೋದ ತಕ್ಷಣ ಹೇಳು. ತೆಗೆದುಕೊಳ್ಳುವ ಎಲ್ಲಾ ಮಾತ್ರೆಗಳ ಚೀಟಿ ಜೇಬಿನಲ್ಲಿರಲಿ. ಯಾವುದನ್ನೂ ನೀನಾಗಿಯೇ ನಿಲ್ಲಿಸಬೇಡ.

ಈಗ ಖಾಲಿ ಜಾಗದ ವಿಷಯ. ದಾರಿ ಮೂರು. ಬೇಕಾದಾಗ ಹಾಕಿ ತೆಗೆಯುವ ಹಲ್ಲಿನ ಸೆಟ್, ಅಕ್ಕಪಕ್ಕದ ಹಲ್ಲು ಅರೆದು ಅವುಗಳ ಆಧಾರದಲ್ಲಿ ಕೂರಿಸುವ ಬ್ರಿಡ್ಜ್, ಮೂಳೆಯೊಳಗೆ ಕೂರಿಸುವ ಇಂಪ್ಲಾಂಟ್. ಬಲಗಡೆ ಅಕ್ಕಪಕ್ಕದ ಎರಡೂ ಹಲ್ಲು ಒಳ್ಳೆಯದಿದ್ದವು. ಗಟ್ಟಿ ಹಲ್ಲುಗಳನ್ನು ಸುಮ್ನೆ ಅರೆಯಲು ಡಾಕ್ಟರಮ್ಮನಿಗೆ ಮನಸ್ಸಿರಲಿಲ್ಲ, ನನಗೂ ಇರಲಿಲ್ಲ. ಅಲ್ಲಿಗೆ ಇಂಪ್ಲಾಂಟ್. ಎಡಗಡೆ ಮೂಳೆ ಸವೆದಿತ್ತು, ಪಕ್ಕದ ಹಲ್ಲುಗಳಿಗೆ ಹೇಗೂ ಕ್ಯಾಪ್ ಬೇಕಿತ್ತು. ಅಲ್ಲಿಗೆ ಬ್ರಿಡ್ಜೇ ಸರಿ ಅಂದರು. ಒಂದೇ ಬಾಯಲ್ಲಿ ಎರಡು ಕಡೆಗೆ ಎರಡು ಉತ್ತರ. ಹಾಗಾಗಿ ಇಂಪ್ಲಾಂಟೇ ಮಾಡಿಸು ಅಂತ ನಾನು ಹೇಳಲ್ಲ.

ಇಂಪ್ಲಾಂಟ್ ಅಂದರೆ ಟೈಟಾನಿಯಂ ಲೋಹದ ಸಣ್ಣ ಸ್ಕ್ರೂ. 1950ರ ದಶಕದಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವಿಜ್ಞಾನಿ ಮೊಲದ ಮೂಳೆಯೊಳಗೆ ಟೈಟಾನಿಯಂ ಉಪಕರಣ ಇಟ್ಟು ರಕ್ತದ ಹರಿವನ್ನು ನೋಡುತ್ತಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಅದು ಬರಲೇ ಇಲ್ಲ, ಮೂಳೆ ಅದನ್ನು ತನ್ನದೇ ಅನ್ನುವಂತೆ ಹಿಡಿದುಕೊಂಡಿತ್ತು. 1965ರಲ್ಲಿ ಅವರು ಮೊದಲ ಸಲ ಮನುಷ್ಯನ ದವಡೆಗೆ ಅದನ್ನು ಕೂರಿಸಿದರು. ಆ ಮನುಷ್ಯ 2006ರಲ್ಲಿ ಸಾಯುವವರೆಗೂ, ಅಂದರೆ 40 ವರ್ಷಕ್ಕೂ ಹೆಚ್ಚು ಕಾಲ, ಅದರಲ್ಲೇ ಊಟ ಮಾಡಿದ. ಕುರ್ಚಿಯಲ್ಲಿ ಒರಗಿ ಕಾಯುತ್ತಿದ್ದಾಗ ನನಗೆ ಧೈರ್ಯ ಕೊಟ್ಟದ್ದು ಈ ಕಥೆ.

ನನಗೆ ಗಾಯ ಮಾಯಲು ಮೂರು ತಿಂಗಳು ಬಿಟ್ಟರು. ಕೆಳದವಡೆಯೊಳಗೆ ತುಟಿಗೆ ಹೋಗುವ ನರ ಇರುತ್ತದೆ, ಅದಕ್ಕೆ ತಾಗಬಾರದು ಅಂತ ಸ್ಕ್ಯಾನ್ ಮಾಡಿ ಅಳತೆ ತೆಗೆದರು. ಸ್ಕ್ರೂ ಕೂರಿಸಿದ ದಿನ ಕೀಳಿಸಿದ ದಿನಕ್ಕಿಂತ ಸುಲಭವಾಗಿತ್ತು. ಆಮೇಲೆ ಮೂಳೆ ಕೂಡಿಕೊಳ್ಳಲು ನಾಲ್ಕು ತಿಂಗಳು. ಅಷ್ಟು ದಿನವೂ ನಾಲಿಗೆ ಹೋಗಿ ಹೋಗಿ ಅಲ್ಲೇ ಸವರುತ್ತಿತ್ತು.

ಕೊನೆಗೆ ಆ ಸ್ಕ್ರೂ ಮೇಲೆ ಹಲ್ಲು ಕೂರಿಸಿದ ದಿನ ನೀಲಿ ಬಣ್ಣದ ತೆಳು ಕಾಗದ ಇಟ್ಟು "ಕಚ್ಚಿ, ಹಾಗೇ ಆ ಕಡೆ ಈ ಕಡೆ ಅರೆಯಿರಿ" ಅಂದರು. ಎತ್ತರವಾದ ಕಡೆ ನೀಲಿ ಚುಕ್ಕೆ ಬೀಳುತ್ತದೆ. ಅಷ್ಟನ್ನೇ ಒಂದಿಷ್ಟು ಉಜ್ಜುತ್ತಾರೆ. ಮತ್ತೆ ಕಾಗದ, ಮತ್ತೆ ಚುಕ್ಕೆ. ಆರೇಳು ಸಲ ಆಯಿತು. ಅವರು ಒಮ್ಮೆಯೂ ಅವಸರ ಮಾಡಲಿಲ್ಲ. ಆ ತಾಳ್ಮೆಗೆ ನಾನು ಋಣಿ.

ಅದು ಪೂರ್ತಿ ಹಳೆಯ ಹಲ್ಲಿನ ಹಾಗಲ್ಲ ಗೆಳೆಯಾ. ಆ ನಾರುಗಳು ಇಲ್ಲಿಲ್ಲ. ನಮ್ಮ ಹಲ್ಲಿಗೆ ಒಂದು ಮರಳಿನ ಕಣ ಸಿಕ್ಕರೂ ತಕ್ಷಣ ಗೊತ್ತಾಗುತ್ತದೆ, ಇದಕ್ಕೆ ಅಷ್ಟು ಸೂಕ್ಷ್ಮ ಇಲ್ಲ. ಮೊದಲ ಕೆಲವು ವಾರ ಪಕ್ಕದ ಮನೆಯವರ ಹಲ್ಲಿನಂತೆ ಅನ್ನಿಸಿತು. ಈಗ ನೆನಪೇ ಇರುವುದಿಲ್ಲ. ಇದಕ್ಕೆ ಹುಳುಕು ಹಿಡಿಯಲ್ಲ, ಆದರೆ ಸುತ್ತಲಿನ ಒಸಡು ಕೆಟ್ಟರೆ ಮೂಳೆ ಸವೆದು ಸ್ಕ್ರೂ ಸಡಿಲವಾಗುತ್ತದೆ. ದಿನಾ ರಾತ್ರಿ ಸಂದಿಗೆ ಸಣ್ಣ ಬ್ರಷ್ ಹಾಕಿ ಉಜ್ಜುತ್ತೇನೆ.

ಶುಕ್ರವಾರ ಬಾಯಿ ತೆರೆಯುವ ಮುಂಚೆ ಕೇಳು: ಇದನ್ನು ಉಳಿಸಲು ಆಗುತ್ತಾ? ರೂಟ್ ಕೆನಾಲ್, ಕ್ಯಾಪ್ ಆಗುವುದಾದರೆ ನಿನ್ನ ಸ್ವಂತ ಹಲ್ಲಿಗೆ ಸಾಟಿ ಯಾವುದೂ ಇಲ್ಲ. ಆಗಲ್ಲ ಅಂದರೆ, ಕಿತ್ತ ಮೇಲೆ ಅಲ್ಲಿಗೆ ಏನು, ಯಾವಾಗ ಅನ್ನುವುದನ್ನು ಅದೇ ದಿನ ಬರೆಸಿಕೊಂಡು ಬಾ. ದುಡ್ಡಿಗೆ ಈಗ ಕಷ್ಟ ಅಂದರೆ ಅದನ್ನೂ ಹೇಳು, ಸದ್ಯಕ್ಕೆ ಜಾಗ ಉಳಿಸಿಕೊಳ್ಳಲು ಏನು ಮಾಡಬಹುದು ಅಂತ ಅವರೇ ಹೇಳುತ್ತಾರೆ.

ಹತ್ತಿಬಟ್ಟೆ ಕಚ್ಚಿಕೊಂಡಿರುವಾಗ ಫೋನ್ ಮಾಡಲು ಹೋಗಬೇಡ. ಆಯ್ತು ಅಂತ ಒಂದು ಮೆಸೇಜ್ ಹಾಕು. ಸಂಜೆ ನಾನೇ ಮನೆಗೆ ಬರುತ್ತೇನೆ.

ನಿನ್ನ ಗೆಳೆಯ