ಕುಂದಾಪುರದಲ್ಲಿರುವ ಮಗಳಿಗೆ ಮಧುಗಿರಿಯಿಂದ

ಮಧುಗಿರಿ, ಧನುರ್ಮಾಸ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮ.

ನಿನ್ನ ಪತ್ರ ತಲುಪಿತು. ಊರಿನ ಸುದ್ದಿಯೆಂದು ನೀನು ಬರೆದದ್ದೆಲ್ಲ ದೂರೇ ಆಗಿದೆ: ಡಿಸೆಂಬರಿನಲ್ಲೂ ಮಧ್ಯಾಹ್ನ ಬೆವರು, ರಾತ್ರಿಯೆಲ್ಲ ಮೈಕಿನಲ್ಲಿ ಯಕ್ಷಗಾನದ ಚಂಡೆಯ ಸದ್ದು, ಮರುದಿನ ತರಗತಿಯಲ್ಲಿ ತೂಕಡಿಸುವ ಮಕ್ಕಳು, ಕೋಟೇಶ್ವರದ ತೇರಾದ ಕೊಡಿ ಹಬ್ಬದ ಮರುದಿನ ಖಾಲಿ ಬೆಂಚುಗಳು. ನಾನೂ ಮೇಷ್ಟ್ರ ಕೆಲಸದಿಂದಲೇ ನಿವೃತ್ತನಾದವನಾದ್ದರಿಂದ ನಿನ್ನ ಸಂಕಟ ತಿಳಿಯದ್ದೇನಲ್ಲ. ಆದರೂ ಆ ಮಕ್ಕಳನ್ನು ನಿಲ್ಲಿಸಿ ಬೈಯುವ ಮೊದಲು ಆ ಊರಿನವರ ವರ್ಷ ಹೇಗೆ ಸಾಗುತ್ತದೆಂಬುದನ್ನು ವಿಚಾರಿಸಿ ನೋಡು.

ಮಳೆಗಾಲದ ನಾಲ್ಕು ತಿಂಗಳು ಬಯಲಿನಲ್ಲಿ ಒಂದು ಚಪ್ಪರ ನಿಲ್ಲುವುದೂ ಕಷ್ಟ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲವಾದ್ದರಿಂದ ಗಂಗೊಳ್ಳಿಯ ಬಂದರಿನಲ್ಲೂ ದುಡಿಮೆ ಕಡಿಮೆ. ಹೀಗಾಗಿ ಮದುವೆ, ತೇರು, ಕಂಬಳ, ಯಕ್ಷಗಾನದ ಆಟ, ಶಾಲೆಯ ವಾರ್ಷಿಕೋತ್ಸವ ಎಲ್ಲವೂ ಕಾರ್ತಿಕ ಕಳೆದ ಮೇಲೆ ಒಂದರ ಹಿಂದೊಂದು ಬರುತ್ತವೆ. ನಮ್ಮಲ್ಲಿ ರಾಗಿ ಕೊಯ್ದು ಮೆದೆ ಹಾಕಿ ಕಣ ಮಾಡುವ ದಿನಗಳಲ್ಲಿ ಹಾಜರಿ ಪುಸ್ತಕ ಏನಾಗುತ್ತಿತ್ತೆಂಬುದನ್ನು ನೀನೇ ಬಲ್ಲೆ. (ಈಗ ಕಣವೆಲ್ಲಿ ಬಂತು, ತೆನೆಯನ್ನು ಡಾಂಬರು ರಸ್ತೆಗೆ ಹರಡಿ ಲಾರಿಗಳಿಂದಲೇ ತುಳಿಸುತ್ತಾರೆ, ಸ್ಕೂಟರಿನವರು ಜಾರಿ ಬೀಳುವುದು ಬೇರೆ ಮಾತು.)

ನೀನು ಬರೆದ ಕೊಡಿ ಹಬ್ಬವನ್ನೇ ನೋಡು. ವೃಶ್ಚಿಕ ಮಾಸದ ಹುಣ್ಣಿಮೆಗೆ ಕೋಟೇಶ್ವರದಲ್ಲಿ ತೇರೆಳೆಯುವಾಗ, ಜನರು ಕೋಟಿತೀರ್ಥದ ಅಷ್ಟು ದೊಡ್ಡ ಕೆರೆಯ ಸುತ್ತಲೂ ಅಕ್ಕಿ ಹಾಕುತ್ತ ನಡೆದು ಸುತ್ತಕ್ಕಿ ಸೇವೆ ಸಲ್ಲಿಸುತ್ತಾರೆ. ಹೊಸದಾಗಿ ಮದುವೆಯಾದವರು ಕಬ್ಬಿನ ಕೊಡಿಯನ್ನು, ಎಂದರೆ ಚಿಗುರನ್ನು, ಮನೆಗೆ ಒಯ್ಯುತ್ತಾರೆ. ಅಕ್ಕನನ್ನೂ ಭಾವನನ್ನೂ ಕರೆದುಕೊಂಡು ಹೋದ ಹುಡುಗಿ ಮರುದಿನ ಶಾಲೆಗೆ ಬಾರದಿದ್ದರೆ ಅದನ್ನು ಸೋಮಾರಿತನವೆಂದು ನಾನಂತೂ ಬರೆದುಕೊಳ್ಳುತ್ತಿರಲಿಲ್ಲ.

ಇನ್ನು ಯಕ್ಷಗಾನದ ವಿಚಾರ. ಮಂದಾರ್ತಿ, ಮಾರಣಕಟ್ಟೆಯ ಮೇಳಗಳು ಆಡುವುದು ಹರಕೆಯ ಆಟ. ಹರಕೆ ಹೇಳಿಕೊಂಡ ಮನೆಯವರು ತಮ್ಮ ಸರದಿಗಾಗಿ ಎಷ್ಟೋ ವರ್ಷ ಕಾದಿರುತ್ತಾರೆ; ಸರದಿ ಬಂದಾಗ ನೆಂಟರಿಷ್ಟರೆಲ್ಲ ಸೇರಿ, ಊರಿಗೆ ಊಟ ಹಾಕಿ, ಆ ಮನೆಯ ಮಕ್ಕಳು ನೀರು ಬಡಿಸುತ್ತಲೇ ಅರ್ಧ ರಾತ್ರಿ ಕಳೆಯುತ್ತಾರೆ. ಅಂಥ ಹುಡುಗನಿಗೆ ಮರುದಿನವೇ ಲೆಕ್ಕದ ಪರೀಕ್ಷೆ ಇಟ್ಟು ಸೊನ್ನೆ ಕೊಟ್ಟರೆ ಪರೀಕ್ಷೆಯಾದದ್ದು ಯಾರಿಗೆ? ತಿಂಗಳ ಮೊದಲಿಗೇ ಯಾರ ಮನೆಯಲ್ಲಿ ಯಾವ ದಿನ ಆಟವಿದೆಯೆಂದು ಮಕ್ಕಳಿಂದಲೇ ಕೇಳಿ ಬರೆದುಕೊಂಡು, ಪರೀಕ್ಷೆಯ ದಿನಗಳನ್ನು ಅದಕ್ಕೆ ಹೊಂದಿಸು. ಮುಖ್ಯೋಪಾಧ್ಯಾಯರು ಬೇಡವೆನ್ನಲಾರರು.

ನೀನೂ ಒಮ್ಮೆ ಮನೆಯೊಡತಿಯ ಜೊತೆ ಹೋಗಿ ನೋಡು. ರಂಗಸ್ಥಳದ ಎದುರು ಕೂರುವ ಮೊದಲು, ವೇಷ ಕಟ್ಟುವ ಜಾಗವಾದ ಚೌಕಿಗೆ ಹೋಗಿ ಗಣಪತಿಗೆ ಕೈಮುಗಿ. ಕಲಾವಿದರು ಪೆಟ್ಟಿಗೆಯ ಮುಂದೆ ಕುಳಿತು, ಚಿಕ್ಕ ಕನ್ನಡಿ ಹಿಡಿದು ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಳ್ಳುವುದನ್ನು, ಬಟ್ಟೆಯನ್ನು ಸುತ್ತಿ ಸುತ್ತಿ ಬಿಗಿದು ಮುಂಡಾಸು ಕಟ್ಟಿಕೊಳ್ಳುವುದನ್ನು ಕಂಡರೆ ನಿನ್ನ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ. ನಮ್ಮ ಸೀಮೆಯಲ್ಲೂ ಮೂಡಲಪಾಯ ಯಕ್ಷಗಾನದ ಆಟಗಳು ಬೆಳಗಿನವರೆಗೆ ನಡೆಯುತ್ತಿದ್ದವು. ಮುಖವೀಣೆ ನುಡಿಸುವವರು ವಿರಳರಾದರು, ನೋಡುವವರು ಟಿ.ವಿ.ಯ ಮುಂದೆ ಕುಳಿತರು. ಅಲ್ಲಿ ಇನ್ನೂ ಮಕ್ಕಳು ಆಟಕ್ಕಾಗಿ ನಿದ್ದೆಗೆಡುತ್ತಾರೆಂದರೆ ನನಗೆ ಹೊಟ್ಟೆಕಿಚ್ಚೇ ಆಗುತ್ತದೆ.

ಕಂಬಳದ ಬಗ್ಗೆ ಶಾಲೆಯಲ್ಲಿ ವಾದಕ್ಕಿಳಿಯಬೇಡ. ಅದಕ್ಕೆ ಅವಕಾಶ ಕೊಟ್ಟ ರಾಜ್ಯದ ಕಾಯ್ದೆಯನ್ನು ಸುಪ್ರೀಂ ಕೋರ್ಟು 2023ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ನಿನ್ನ ಅಭಿಪ್ರಾಯ ಏನೇ ಇರಲಿ, ಮೊದಲು ಗದ್ದೆಯ ಬದುವಿನಲ್ಲಿ ನಿಂತು ನೋಡಿ ಬಾ.

ಶನಿವಾರ ಬಂತೆಂದರೆ ರಾತ್ರಿ ಬಸ್ಸು ಹತ್ತಿ ಊರಿಗೆ ಬರುವುದನ್ನು ಈ ಚಳಿಗಾಲ ಕಳೆಯುವವರೆಗೆ ಕಡಿಮೆ ಮಾಡು. ಸಂಕ್ರಾಂತಿಗೆ ಮಾತ್ರ ತಪ್ಪಿಸಬೇಡ; ಅವರೆಕಾಯಿಗೆ ಒಳ್ಳೆಯ ಸೊಗಡು ಬಂದಿದೆ, ಹಿದುಕಿದ ಬೇಳೆ ಸಾರು ನೀನು ಬಂದ ದಿನವೇ ಎಂದು ನಿನ್ನ ದೊಡ್ಡಮ್ಮ ಹೇಳಿದ್ದಾಳೆ. ಅಷ್ಟರೊಳಗೆ ಪರೀಕ್ಷೆಯ ತಾರೀಕು ಬದಲಾಯಿಸಿದೆಯೋ ಇಲ್ಲವೋ ಎಂಬುದಕ್ಕೆ ಒಂದು ಸಾಲು ಬರೆ.

ಇತಿ,
ನಿನ್ನ ದೊಡ್ಡಪ್ಪ