ಮಂಚ ಯಾಕೆ ಇನ್ನೂ ಆಗಿಲ್ಲ ಅಂದರೆ

ಪ್ರೀತಿಯ ಅಪ್ಪ,

ನಾವಿಬ್ಬರೂ ಚೆನ್ನಾಗಿದ್ದೇವೆ. ಹೋದ ಭಾನುವಾರ ಫೋನಿನಲ್ಲಿ ಅಮ್ಮ ಕೇಳಿದಳಲ್ಲ, "ನಾಲ್ಕು ತಿಂಗಳಾಯ್ತು, ವ್ಯಾನಿನಲ್ಲಿ ಒಂದು ಮಂಚ ಹಾಕೋಕೆ ಇಷ್ಟು ದಿನ ಬೇಕಾ?" ಅಂತ. ಲೈನ್ ಕಟ್ ಆಗುತ್ತಿತ್ತು, ಸರಿಯಾಗಿ ಹೇಳಲು ಆಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅಮ್ಮನಿಗೂ ಓದಿ ಹೇಳಿ.

ಇದನ್ನೇ ಓಡಾಡುವ ಪುಟ್ಟ ಮನೆ ಮಾಡೋಣ ಅಂತ ವ್ಯಾನು ತಂದ ದಿನ ನನ್ನ ತಲೆಯಲ್ಲೂ ಮಂಚ, ಅಡುಗೆ ಕಟ್ಟೆ, ಕಪಾಟು ಇವೇ ಇದ್ದವು. ಸಾಮಾನು ಸಾಗಿಸುತ್ತಿದ್ದ ಗಾಡಿ ಅದು. ಒಳಗೆ ಬರೀ ತಗಡು, ನೆಲಕ್ಕೊಂದು ಹಳೇ ಪ್ಲೈವುಡ್. ಕೆಲಸ ಶುರು ಮಾಡುವ ಮೊದಲು ಒಂದು ರಾತ್ರಿ ಸುಮ್ನೆ ಮಲಗಿ ನೋಡೋಣ ಅಂತ ಹಾಸಿಗೆ ಹಾಸಿಕೊಂಡೆವು. ಬೆಳಗಿನ ಜಾವ ಹಣೆಯ ಮೇಲೆ ಹನಿ ಬಿದ್ದು ಎಚ್ಚರವಾಯಿತು. ಹೊರಗೆ ಮಳೆ ಇರಲಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ಚಾವಣಿಯ ತಗಡಿನ ಪಟ್ಟಿಗಳ ಉದ್ದಕ್ಕೂ ಹನಿಗಳು ಸಾಲಾಗಿ ನೇತಾಡುತ್ತಿದ್ದವು. ಬೆರಳು ತಾಗಿಸಿದರೆ ಸಾಕು, ಒಂದಕ್ಕೊಂದು ಕೂಡಿಕೊಂಡು ಗೋಡೆಯ ಸಂದಿಗೆ ಇಳಿದುಹೋಗುತ್ತಿದ್ದವು. ಅದು ನಮ್ಮ ಉಸಿರೇ ಅಪ್ಪ. ಇಬ್ಬರು ಒಂದು ರಾತ್ರಿ ಮಲಗಿದರೆ ಉಸಿರು, ಬೆವರು ಸೇರಿ ಸುಮಾರು ಅರ್ಧ ಲೀಟರ್ ನೀರು ಗಾಳಿಗೆ ಹೋಗುತ್ತದೆ. ಮನೆಯಲ್ಲಿ ಗೊತ್ತಾಗುವುದಿಲ್ಲ. ತಣ್ಣನೆಯ ತಗಡಿನ ಡಬ್ಬಿಯೊಳಗೆ ಅದೆಲ್ಲಾ ಗೋಡೆ ಹಿಡಿದು ಮತ್ತೆ ನೀರಾಗುತ್ತದೆ.

ಅವತ್ತೇ ಗಟ್ಟಿ ಮಾಡಿಕೊಂಡೆ. ಮೊದಲು ಈ ನೀರಿಗೊಂದು ದಾರಿ ಮಾಡಬೇಕು, ಮರಗೆಲಸ ಆಮೇಲೆ. ಚಂದದ ಹಲಗೆ ಹೊಡೆದು ಮುಚ್ಚಿಬಿಟ್ಟರೆ ಅದರ ಹಿಂದೆ ತಗಡು ತುಕ್ಕು ತಿನ್ನುವುದು ಯಾರ ಕಣ್ಣಿಗೂ ಬೀಳುವುದಿಲ್ಲ.

ನೆಲದ ಪ್ಲೈವುಡ್ ಎಬ್ಬಿಸಿದಾಗ ನನ್ನ ಭಯ ನಿಜವಾಯಿತು. ಹಿಂದಿನ ಬಾಗಿಲ ಹತ್ತಿರ ಅಂಗೈಯಗಲ ತುಕ್ಕು. ಮಾರಿದವರು ಅದರ ಬಗ್ಗೆ ಚಕಾರ ಎತ್ತಿರಲಿಲ್ಲ. ವೈರ್ ಬ್ರಷ್‌ನಿಂದ ಹೊಳೆಯುವ ಲೋಹ ಕಾಣುವ ತನಕ ಉಜ್ಜಿ, ಪ್ರೈಮರ್ ಹೊಡೆದು, ಒಣಗಿದ ಮೇಲೆ ಎರಡು ಕೋಟ್ ಪೇಂಟ್ ಕೊಟ್ಟೆ. ಅದಕ್ಕೇ ಮೂರು ವಾರದ ರಜಾದಿನಗಳೆಲ್ಲಾ ಹೋದವು.

ಆಮೇಲೆ ಗೋಡೆ. ನೀರು ಹೀರದ ಫೋಮ್ ಹಾಳೆ ಸಿಗುತ್ತದೆ, 25 ಮಿ.ಮೀ. ದಪ್ಪ. ಅದನ್ನು ತಗಡಿಗೆ ಒಂಚೂರೂ ಸಂದಿ ಬಿಡದೆ ಅಂಟಿಸಬೇಕು. ನಡುವೆ ಗಾಳಿ ನಿಂತರೆ ಅಲ್ಲೇ ಮತ್ತೆ ಹನಿ ಕಟ್ಟುತ್ತದೆ. ಪಟ್ಟಿಗಳ ಮೇಲೂ ತೆಳ್ಳಗಿನದು ಅಂಟಿಸಿದೆ. ಇಡೀ ಗೋಡೆ ಮುಚ್ಚಿ ಪಟ್ಟಿ ಮಾತ್ರ ಹಾಗೇ ಬಿಟ್ಟರೆ ಹೊರಗಿನ ಚಳಿ ಅದೇ ದಾರಿ ಹಿಡಿದು ಒಳಗೆ ಬರುತ್ತದೆ.

ಚಾವಣಿ ಕತ್ತರಿಸುವ ದಿನ ಮಾತ್ರ ನನ್ನ ಕೈ ನಡುಗಿತು. ಗಾಳಿ ಹೊರಗೆ ಹಾಕುವ ಫ್ಯಾನಿಗೆ 40 ಸೆಂ.ಮೀ. ಚೌಕದ ಕಿಂಡಿ ಬೇಕು. ನಾಲ್ಕು ಮೂಲೆಗೆ ಡ್ರಿಲ್ ಹಾಕಿ, ಮೇಲೆ ಹತ್ತಿ ಜಿಗ್ ಸಾ ಅನ್ನೋ ಕರೆಂಟಿನ ಗರಗಸ ಓಡಿಸಿದೆ. ಕೆಳಗೆ ನಿಮ್ಮ ಸೊಸೆ ಎರಡು ಕೈಯಲ್ಲೂ ಆ ತುಂಡನ್ನು ಹಿಡಿದು ನಿಂತಿದ್ದಳು. ಕತ್ತರಿಸುವಾಗ ಸಿಡಿಯುವ ಕಬ್ಬಿಣದ ಪುಡಿ ಇದೆಯಲ್ಲ, ಅದು ಬಣ್ಣದ ಮೇಲೆ ಉಳಿದರೆ ಒಂದೇ ಮಳೆಗೆ ಕಂದು ಚುಕ್ಕಿ ಬೀಳುತ್ತದೆ. ಸುತ್ತ ಹಳೇ ಬೆಡ್‌ಶೀಟ್ ಹಾಸಿದ್ದೆವು. ಆದರೂ ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಮೂರು ಸಲ ಆಡಿಸಿ ಪುಡಿ ತೆಗೆದೆ. ಕತ್ತರಿಸಿದ ಅಂಚಿಗೆ ಪ್ರೈಮರ್ ಹಚ್ಚಿದ ಮೇಲೇ ಫ್ಯಾನು ಕೂರಿಸಿ ಸುತ್ತ ಸೀಲಂಟ್ ತುಂಬಿದ್ದು. ಮರುದಿನ ಪೈಪ್ ಹಿಡಿದು ಹತ್ತು ನಿಮಿಷ ನೀರು ಬಿಟ್ಟೆವು. ಒಳಗೆ ಒಂದು ಹನಿಯೂ ಇಳಿಯಲಿಲ್ಲ. ಇಬ್ಬರಿಗೂ ಎಷ್ಟು ಖುಷಿಯಾಯಿತು ಅಂದರೆ, ಅವತ್ತು ಬೇರೆ ಕೆಲಸವನ್ನೇ ಮುಟ್ಟಲಿಲ್ಲ.

ವೈರಿಂಗ್ ಕೂಡ ಗೋಡೆ ಮುಚ್ಚುವ ಮೊದಲೇ ಆಗಬೇಕು. ಇಲ್ಲಿ ಬ್ಯಾಟರಿ 12 ವೋಲ್ಟಿನದು. 120 ವ್ಯಾಟಿನ ಸಾಮಾನಿಗೆ ಮನೆಯ 230 ವೋಲ್ಟಿನಲ್ಲಿ ಅರ್ಧ ಆಂಪಿಯರ್ ಸಾಕು, ವ್ಯಾನಿನಲ್ಲಿ 10 ಆಂಪಿಯರ್ ಹರಿಯಬೇಕು. ತೆಳ್ಳಗಿನ ವೈರು ಹಾಕಿದರೆ ಬಿಸಿಯಾಗುತ್ತದೆ. ಹಾಗಾಗಿ ದಪ್ಪ ವೈರನ್ನೇ ಎಳೆದೆ. ತಗಡಿನ ತೂತಿನಲ್ಲಿ ಹಾಯುವ ಕಡೆಯೆಲ್ಲಾ ರಬ್ಬರ್ ಬುಷ್ ಹಾಕಿದೆ, ಗಾಡಿ ಅಲುಗಾಡಿ ವೈರು ಕುಯ್ದುಹೋಗಬಾರದು ಅಲ್ವಾ. ಮುಖ್ಯ ಫ್ಯೂಸು ಬ್ಯಾಟರಿಯ ಪಕ್ಕದಲ್ಲೇ ಇದೆ. ಬ್ಯಾಟರಿ ಲಿಥಿಯಂ. ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಿದರೆ ಹಾಳಾಗುತ್ತದೆ, ಅದಕ್ಕೆ ಗಾಡಿಯೊಳಗೆ ಬೆಚ್ಚಗಿನ ಕಡೆ ಇಟ್ಟಿದ್ದೇನೆ.

ಅಮ್ಮನ ಭಯಕ್ಕೆ ಎರಡು ಮಾತು. ಅಡುಗೆ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಕೂರುತ್ತದೆ. ಸಿಲಿಂಡರಿನ ಪೆಟ್ಟಿಗೆಯ ತಳದಲ್ಲಿ ನೇರ ಹೊರಕ್ಕೆ ಹೋಗುವ ಕಿಂಡಿ ಮಾಡಿದ್ದೇನೆ. ಒಲೆ ಸರಿಯಾಗಿ ಉರಿಯದಿದ್ದರೆ ಬರುವ ವಾಸನೆಯಿಲ್ಲದ ವಿಷಗಾಳಿ, ಕಾರ್ಬನ್ ಮಾನಾಕ್ಸೈಡ್, ಅದಕ್ಕೆ ಅಲಾರಂ ಕೂಡ ಹಾಕಿದ್ದೇವೆ. ಗಾಡಿ ಓಡುವಾಗ ನಾವು ಮುಂದಿನ ಸೀಟಿನಲ್ಲೇ ಬೆಲ್ಟ್ ಹಾಕಿ ಕೂರುತ್ತೇವೆ, ಹಿಂದೆ ಯಾರೂ ಇರುವುದಿಲ್ಲ.

ಇನ್ನು ಮರ. ಗಾಡಿ ಎಷ್ಟು ಭಾರ ಹೊರಬಹುದು ಅಂತ ಅದರ ಪ್ಲೇಟಿನ ಮೇಲೇ ಬರೆದಿರುತ್ತದೆ. 70 ಲೀಟರ್ ನೀರು ತುಂಬಿದರೆ ಅದೇ 70 ಕೆ.ಜಿ. ಆಯಿತು. ಹಾಗಾಗಿ 18 ಮಿ.ಮೀ. ಪ್ಲೈವುಡ್ ಬಿಟ್ಟು 12 ಮಿ.ಮೀ. ತಂದೆ, ಮೂರರಲ್ಲಿ ಒಂದು ಪಾಲು ತೂಕ ಕಡಿಮೆಯಾಯಿತು. ಗೋಡೆಗಳು ಹೋದ ವಾರ ಮುಗಿದವು.

ಮಂಚದ ವಿಷಯಕ್ಕೆ ನಿಮ್ಮನ್ನೇ ಕೇಳಬೇಕು. ಮನೆಯ ಮಂಚಕ್ಕೆ ರೀಪು ಹೊಡೆದವರು ನೀವು. ಇದಕ್ಕೂ ಹಲಗೆ ಬೇಡ, ರೀಪೇ ಹಾಕುತ್ತೇನೆ. ಹಾಸಿಗೆಯ ಕೆಳಗೆ ಗಾಳಿ ಆಡದಿದ್ದರೆ ಅಲ್ಲೂ ಅದೇ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಮಂಚ ಗೋಡೆಯಿಂದ ಗೋಡೆಗೆ ಅಡ್ಡಡ್ಡ ಬರುತ್ತದೆ, ಅಗಲ 135 ಸೆಂ.ಮೀ. ಪೈನ್ ಮರದ ರೀಪು 2 ಸೆಂ.ಮೀ. ದಪ್ಪ ಇದೆ. ಇಬ್ಬರ ಭಾರಕ್ಕೆ ನಡುವೆ ಒಂದು ಆಧಾರದ ಪಟ್ಟಿ ಬೇಕಾ, ಅಥವಾ ಹಾಗೇ ತಡೆಯುತ್ತದಾ? ರೀಪಿನ ಮಧ್ಯೆ ಎಷ್ಟು ಸಂದಿ ಬಿಡಲಿ? ನೀವು ಹೇಳುವ ತನಕ ಮರ ಕೊಯ್ಯುವುದಿಲ್ಲ.

ನಿಮ್ಮ ಮಗ