ವಿಡಿಯೋಗೆ ಸಾಲ ಮಾಡುವ ಮುಂಚೆ

ಚಿ. ಆದಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ನಿಮ್ಮ ಬ್ಯಾಂಡಿನ ಹಾಡನ್ನು ಯಾರೂ ಕೇಳಲಿಲ್ಲ, ಅದಕ್ಕೇ ಸಾಲ ಮಾಡಿಯಾದರೂ ಒಂದು ಭರ್ಜರಿ ವಿಡಿಯೋ ಮಾಡಿಸುತ್ತೇವೆ ಅಂತ ಬರೆದಿದ್ದೀಯ. ನಾರ್ವೆಯ 'ಆ-ಹಾ' ಬ್ಯಾಂಡಿನ 'ಟೇಕ್ ಆನ್ ಮಿ' ಹಾಡನ್ನು ಗೆಲ್ಲಿಸಿದ್ದೂ ವಿಡಿಯೋನೇ ಅಲ್ವಾ ಅಂತ ನನ್ನನ್ನೇ ಕೇಳಿದ್ದೀಯ. ಅದು ಅರ್ಧ ನಿಜ. ಇನ್ನರ್ಧ ಕೇಳು, ಆಮೇಲೆ ಸಾಲದ ಮಾತು.

ಶುರುವಾದ ಕೂಡಲೇ ಎಲ್ಲರೂ ಗುರುತು ಹಿಡಿಯುವ ಆ ಕೀಬೋರ್ಡ್ ತುಣುಕು ಇದೆಯಲ್ಲ, ಅದನ್ನು ಆ ಬ್ಯಾಂಡಿನ ಕೀಬೋರ್ಡ್ ವಾದಕ ಮಾಗ್ನೆ ಫುರುಹೋಲ್ಮೆನ್ ಕಟ್ಟಿದ್ದು ಹದಿಹರೆಯದಲ್ಲಿ, ನಾರ್ವೆಯಲ್ಲಿ. ಆಗ 'ಆ-ಹಾ' ಬ್ಯಾಂಡೇ ಇರಲಿಲ್ಲ. ಗೆಳೆಯ ಪೌಲ್ ವಾಕ್ಟಾರ್ ಜೊತೆಗಿದ್ದ, ಆಮೇಲೆ ಹಾಡುಗಾರ ಮಾರ್ಟನ್ ಹಾರ್ಕೆಟ್ ಸೇರಿಕೊಂಡ. ಲಂಡನ್ನಿಗೆ ಹೋದರು. ಹಾಡಿನ ಹೆಸರು ಬದಲಾಯಿತು, ಪದಗಳು ಬದಲಾದವು. ಆ ತುಣುಕನ್ನು ಮಾತ್ರ ಅವರು ಬಿಡಲಿಲ್ಲ.

1984ರಲ್ಲಿ ಹಾಡನ್ನು ಮೊದಲ ಸಲ ಬಿಡುಗಡೆ ಮಾಡಿದರು. ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 137ನೇ ಸ್ಥಾನಕ್ಕೆ ಹೋಗಿ ಮಕಾಡೆ ಮಲಗಿತು. ನೆನಪಿಡು, ಅದಕ್ಕೂ ಒಂದು ವಿಡಿಯೋ ಇತ್ತು! ಹುಡುಗರು ನಿಂತು ಹಾಡುವ, ಆ ಕಾಲದ ಮಾಮೂಲಿ ವಿಡಿಯೋ.

ಆಮೇಲೆ ನಿರ್ಮಾಪಕ ಅಲನ್ ಟಾರ್ನಿ ಬಂದ, ಹಾಡನ್ನು ಮತ್ತೆ ರೆಕಾರ್ಡ್ ಮಾಡಿಸಿದ. ಎರಡನ್ನೂ ಒಂದರ ಹಿಂದೊಂದು ಹಾಕಿ ಕೇಳು. ನನ್ನ ಕಿವಿಗೆ ಹಳೆಯದು ತೆಳು, ಹೊಸದು ತುಂಬಿಕೊಂಡಿದೆ. ಮಾರ್ಟನ್ ದನಿಗೆ ಜಾಗ ಸಿಕ್ಕಿದೆ. ತಗ್ಗಿನಲ್ಲಿ ಶುರು ಮಾಡಿ, ಏರುತ್ತಾ ಏರುತ್ತಾ ಕೊನೆಗೆ ಕಳ್ಳದನಿಗೆ ಹೋಗುತ್ತಾನಲ್ಲ, ನಮ್ಮ ಸಂಗೀತದ ಮೇಷ್ಟ್ರು ಕೇಳಿದ್ದರೆ ಬೈಯುತ್ತಿದ್ದರೇನೋ. ಬೈದು ಇನ್ನೊಂದು ಸಲ ಹಾಕಿಸಿಕೊಳ್ಳುತ್ತಿದ್ದರು.

ಈ ಹೊಸ ರೆಕಾರ್ಡಿಂಗೂ ಬ್ರಿಟನ್ನಿನಲ್ಲಿ ತಕ್ಷಣ ಓಡಲಿಲ್ಲ, ಒಪ್ಪುತ್ತೇನೆ. ಆಗ ಬಂದದ್ದೇ ನೀನು ಹೇಳುವ ವಿಡಿಯೋ. ನಿರ್ದೇಶನ ಸ್ಟೀವ್ ಬ್ಯಾರನ್‌ನದು. ಮೈಕಲ್ ಪ್ಯಾಟರ್ಸನ್ ಮತ್ತು ಕ್ಯಾಂಡೇಸ್ ರೆಕಿಂಗರ್, ಕ್ಯಾಮೆರಾದಲ್ಲಿ ತೆಗೆದ ಫ್ರೇಮುಗಳ ಮೇಲೆ ಪೆನ್ಸಿಲ್ಲಿನಿಂದ ಸುಮಾರು 3,000 ಚಿತ್ರ ಬಿಡಿಸಿದರು. ತಿಂಗಳುಗಟ್ಟಲೆ ಕೆಲಸ. ಅವರ ಹಿಂದೆ ವಾರ್ನರ್ ರೆಕಾರ್ಡ್ ಕಂಪನಿಯ ದುಡ್ಡಿತ್ತು. ನಿನ್ನ ಹಿಂದಿರುವುದು ನೀನು ಅಡವಿಡಲು ಹೊರಟಿರುವ ನಿಮ್ಮಮ್ಮನ ಬಳೆ. 1985ರ ಅಕ್ಟೋಬರಿನಲ್ಲಿ ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಮರುವರ್ಷ ಸಂಗೀತದ ಟಿವಿ ಚಾನೆಲ್ ಎಂಟಿವಿಯ ಆರು ಪ್ರಶಸ್ತಿ ಬಂತು. 2020ರಲ್ಲಿ ಯೂಟ್ಯೂಬಿನಲ್ಲಿ ವಿಡಿಯೋ ನೂರು ಕೋಟಿ ವೀಕ್ಷಣೆ ದಾಟಿತು.

ಆದರೆ ಅಮೆರಿಕದ ರ‍್ಯಾಪ್ ಗಾಯಕ ಪಿಟ್‌ಬುಲ್ ತನ್ನ 'ಫೀಲ್ ದಿಸ್ ಮೊಮೆಂಟ್' ಹಾಡಿಗೆ ಎತ್ತಿಕೊಂಡದ್ದು ಮಾಗ್ನೆಯ ಆ ಕೀಬೋರ್ಡ್ ತುಣುಕನ್ನು, ಪೆನ್ಸಿಲ್ ಚಿತ್ರವನ್ನಲ್ಲ. 2017ರಲ್ಲಿ ಆ-ಹಾದವರೇ 'ಎಂಟಿವಿ ಅನ್‌ಪ್ಲಗ್ಡ್' ಕಾರ್ಯಕ್ರಮದಲ್ಲಿ ಎಲೆಕ್ಟ್ರಾನಿಕ್ ಕೀಬೋರ್ಡಿನ ಅಬ್ಬರ ಬಿಟ್ಟು ನಿಧಾನಕ್ಕೆ ಹಾಡಿದರು. ಕುಣಿಯುವ ಹಾಡು ಅಂದುಕೊಂಡಿದ್ದೆವು, ಅದರೊಳಗೆ ಎಷ್ಟು ದುಃಖ ಇತ್ತು! ನನಗಂತೂ ಈಗ ಅದೇ ಜಾಸ್ತಿ ಇಷ್ಟ.

ನಿಮ್ಮ ಹಾಡಿಗೆ ಬರುತ್ತೇನೆ. ಎರಡನೇ ಚರಣಕ್ಕೆ ಮುಂಚೆ ಬರುವ ಕೊಳಲಿನ ತುಣುಕು ಚೆನ್ನಾಗಿದೆ, ಅದನ್ನು ಬಿಡಬೇಡಿ. ಸುಮ್ನೆ ಹೊಗಳುತ್ತಿಲ್ಲ. ಮಿಕ್ಕದ್ದು ಗದ್ದಲ, ನಿನ್ನ ದನಿಯೇ ಕೇಳಿಸುವುದಿಲ್ಲ. ನಿಮ್ಮ ಗುಂಪಿನವರಲ್ಲದ, ಮುಖಸ್ತುತಿ ಮಾಡದ ಒಬ್ಬರನ್ನು ಕೂರಿಸಿಕೊಂಡು ಇನ್ನೊಮ್ಮೆ ರೆಕಾರ್ಡ್ ಮಾಡಿ. ಯಾವ ಭಾಗ ಯಾರದ್ದು ಅಂತ ಈಗಲೇ ಬರೆದಿಡಿ. 'ಟೇಕ್ ಆನ್ ಮಿ'ಗೆ ಮೂವರ ಹೆಸರೂ ಇದೆ. ಗೆಳೆಯರ ನಡುವೆ ಇದೆಲ್ಲ ಯಾಕೆ ಅನ್ನಬೇಡ. ಹಾಡು ಓಡಿದ ಮೇಲೆ ಈ ಮಾತೆತ್ತುವುದು ಬಲು ಕಷ್ಟ.

ರೆಕಾರ್ಡಿಂಗ್ ಖರ್ಚು ನಾನು ಕೊಡುತ್ತೇನೆ. ವಿಡಿಯೋಗೆ ಬಿಡಿಗಾಸೂ ಇಲ್ಲ. ಬಳೆಯ ವಿಷಯ ಅಕ್ಕನಿಗೆ ನಾನು ಹೇಳುವುದಿಲ್ಲ, ನೀನೂ ಎತ್ತಬೇಡ.

ಇಂತಿ,
ನಿನ್ನ ಮಾವ